ಸಿರ್ಫಿಡ್ ಎಂಬ ಮನೆತನ

“ಬುದ್ಧಿ, ಒಬ್ಬ ಮನುಷ್ಯನನ್ನು ಶರಣ ಅಂತ ಯಾವಾಗಿನಿಂದ ಕರೆಯಬಹುದು?”

ಗುರುಗಳನ್ನು ಹೀಗೆ ಕೇಳಿದವನು ಪರ್ವತಯ್ಯ. ಮಠದ ಹೆಬ್ಬಾಗಿಲಿನ ಕೀಲಿಕೈ ಅವನದು. ದಾಸೋಹದ ಉಗ್ರಾಣ ಅವನದು. ಬಂದವರಲ್ಲಿ ಯಾರು ಉಳಿಯಬೇಕು, ಯಾರು ಬಸ್ಸು ಹತ್ತಬೇಕು ಎಂಬ ತೀರ್ಮಾನವೂ ಅವನದೇ. ಪ್ರಶ್ನೆ ಜ್ಞಾನದ ಹಸಿವಿನಿಂದ ಹುಟ್ಟಿದ್ದಲ್ಲ. ಬೆಳಿಗ್ಗೆ ಅವನ ಎದೆಗೆ ಒಂದು ಗುದ್ದು ಬಿದ್ದಿತ್ತು. ಆ ನೋವು ಬಾಯಿ ಬಿಡಿಸಿತ್ತು.

ಗುದ್ದು ಬಿದ್ದದ್ದು ಹೀಗೆ. ಹಿಂದಿನ ದಿನ ಇಸ್ಪೀಟು ಕರಿಬಸಪ್ಪ ಮಠಕ್ಕೆ ಬಂದು ಜಗಲಿಯ ಮೇಲೆ ಗಂಟು ಇಳಿಸಿ ಕೂತ. ಸುತ್ತಮುತ್ತಲ ಊರುಗಳಲ್ಲಿ ಅವನು ಕೂತು ಎಲೆ ಎಸೆಯದ ಹುಣಸೆಮರದ ನೆರಳಿರಲಿಲ್ಲ. ಆಡಿ ಆಡಿ ಎತ್ತು ಸೋತ, ಗಾಡಿ ಸೋತ, ಕಟ್ಟಕಡೆಗೆ ಹೆಂಡತಿಯ ತಾಳ್ಮೆಯನ್ನೂ ಸೋತ. “ಮಠದವರೂ ನಿನ್ನನ್ನು ಆಚೆ ತಳ್ಳಿದರೆ ಈ ಹೊಸಿಲು ನಿನಗಿಲ್ಲ, ಆ ಹುಣಸೆಮರದ ಕೆಳಗೇ ಸಾಯಿ” ಎಂದು ಆಕೆ ಹೇಳಿ ಕಳಿಸಿದ್ದಳು. ಇಂಥವನು ಬಂದ ಜಾಗದಲ್ಲಿ ಸ್ವಲ್ಪ ಮೆತ್ತಗಾದರೂ ಇರಬೇಡವೇ? ದಾಸೋಹದಲ್ಲಿ ಮುದ್ದೆಯ ಮೇಲೆ ಮುದ್ದೆ ಹಾಕಿಸಿಕೊಂಡ. ಸಾರು ಬಡಿಸುವವರು ತಡಮಾಡಿದರೆ, “ಕೈಯಲ್ಲಿ ಹಿಡಕೊಂಡು ಏನು ಯೋಚನೆ ಮಾಡ್ತೀಯಯ್ಯಾ, ಇಳಿಸು ಕೆಳಗೆ” ಎಂದು ಆಟದ ಕಟ್ಟೆಯ ಗತ್ತಿನಲ್ಲೇ ಗದರಿದ. ಭಜನೆಯ ಹೊತ್ತಿಗೆ ಗೋಡೆಗೆ ಒರಗಿ ಗೊರಕೆ ಹೊಡೆದ. ಅದೂ ತಾಳ ತಪ್ಪಿ. ಮರುದಿನ ಮಧ್ಯಾಹ್ನದ ಬಸ್ಸಿಗೆ ಇವನನ್ನು ಹತ್ತಿಸುವುದೇ ಎಂದು ಪರ್ವತಯ್ಯ ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ.

ಆದರೆ ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ ಬರುತ್ತಾ ಜಗಲಿಯ ಹತ್ತಿರ ನಿಂತು, “ಏನು ಶರಣರೇ, ನಿದ್ದೆ ಬಂತೇ?” ಎಂದುಬಿಟ್ಟರು.

“ಬಂತು ಬುದ್ಧಿ. ಸೊಳ್ಳೆಗಳು ಮಾತ್ರ ನನ್ನ ಮೈಮೇಲೆ ಜಮಖಾನ ಹಾಸಿಕೊಂಡು ಆಡಿದವು” ಎಂದ ಕರಿಬಸಪ್ಪ.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಪರ್ವತಯ್ಯನ ಕೈಯಲ್ಲಿದ್ದ ವಿಭೂತಿಗಟ್ಟಿ ಕೆಳಗೆ ಬಿದ್ದು ಎರಡಾಯಿತು. ಶರಣರೇ! ಆ ಮಠದಲ್ಲಿ ಒಳಗಿನವರನ್ನು ಕರೆಯುವ ಮಾತು ಅದು. ಅಡುಗೆಯವನಿಂದ ಹಿಡಿದು ಪರ್ವತಯ್ಯನವರೆಗೆ ಎಲ್ಲರಿಗೂ ಬೆಳಗಿನ ಹೊತ್ತು ಗುರುಗಳ ಬಾಯಿಂದ ಅದೊಂದು ಮಾತು ಸಿಕ್ಕಿದರೆ ದಿನ ತುಂಬಿದ ಹಾಗೆ. ಪರ್ವತಯ್ಯ ಆ ಮಾತಿಗಾಗಿ ಎಷ್ಟು ಸೋಮವಾರ ಉಪವಾಸ ಕಳೆದಿದ್ದ, ಎಷ್ಟು ಕೊಳಗ ರಾಗಿ ಬೀಸಿಸಿದ್ದ! ಇವನು ಒಂದೇ ರಾತ್ರಿ ಗೊರಕೆ ಹೊಡೆದು ಗಿಟ್ಟಿಸಿಕೊಂಡನಲ್ಲ!

ಆದ್ದರಿಂದ ಆ ಪ್ರಶ್ನೆ.

ಗುರುಗಳಿಗೆ ಐವತ್ತರ ಆಸುಪಾಸು. ಕಣ್ಣಲ್ಲಿ ಮಾತ್ರ ಮಾವಿನಕಾಯಿ ಕದಿಯುವ ವಯಸ್ಸು. ಅವರು ಹೇಳುವ ಕತೆಯಲ್ಲಿ ನಿಜ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಅದಕ್ಕೊಂದು ಬೇರೆ ಕತೆ ಹೇಳುತ್ತಿದ್ದರು, ಅದು ಮೊದಲಿನದಕ್ಕಿಂತ ದೊಡ್ಡ ಸುಳ್ಳಾಗಿರುತ್ತಿತ್ತು.

“ಕರೆಯುವುದು ನನ್ನ ಬಾಯಿ, ಇಟ್ಟುಕೊಳ್ಳುವುದು ನಿನ್ನ ಕೈ” ಎಂದರು ಗುರುಗಳು. “ಬಸ್ಸಿಗೆ ಹತ್ತಿಸಬೇಕೆಂದರೆ ಹತ್ತಿಸು. ನಾನು ಅಡ್ಡ ಬರುವುದಿಲ್ಲ. ಆದರೆ ಬಸ್ಸು ಬರಲು ಇನ್ನೂ ಹೊತ್ತಿದೆ, ಒಂದು ಕತೆಗಾಗುವಷ್ಟು. ಕೂತುಕೋ.”

ಪರ್ವತಯ್ಯ ಕೂತ.

ಒಬ್ಬ ರೈತನಿದ್ದ, ಎಂದರು ಗುರುಗಳು. ಅವನದು ಅವರೆ ಹೊಲ. ಇಬ್ಬನಿ ಬೀಳುವ ಕಾಲಕ್ಕೆ ಹೊಲ ಹೂವಾಯಿತು. ಹೂವಿನ ಹಿಂದೆಯೇ ಹೇನು ಬಂತು. ತಲೆಯ ಹೇನಲ್ಲ, ಗಿಡದ ಹೇನು. ಎಳೆಯ ಕುಡಿಗೆ ಕರ್ರಗೆ ಮೆತ್ತಿಕೊಂಡು ರಸ ಹೀರುತ್ತದೆ. ಕುಡಿ ಮುರುಟಿಕೊಳ್ಳುತ್ತದೆ, ಕಾಯಿ ಸೊರಗುತ್ತದೆ. ಅಕ್ಕಪಕ್ಕದವರು ವಿಷ ಹೊಡೆಯಲು ಬೆನ್ನಿಗೆ ಪಂಪು ಏರಿಸಿದರು. ಇವನು ಒಲೆಯ ಬೂದಿ ಎರಚುತ್ತಾ ನಿಂತಿದ್ದ.

ಆಗ ಬದುವಿನ ಮೇಲೆ ಒಬ್ಬ ಪಂಡಿತ ಬಂದ. ಹುಳಹುಪ್ಪಟೆಗಳ ಪಂಡಿತ. ಒಂದು ಕೈಯಲ್ಲಿ ಬಲೆ, ಇನ್ನೊಂದು ಕೈಯಲ್ಲಿ ಛತ್ರಿ, ಕಂಕುಳಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆ.

ರೈತನ ಎದುರಿಗೆ ಒಂದು ಹೂಗೊನೆ. ಅದರ ಮೇಲೆ ಹಳದಿ ಕಪ್ಪು ಪಟ್ಟೆಯ ಜೀವವೊಂದು ಗಾಳಿಯಲ್ಲೇ ನಿಂತಿತ್ತು. ಕೂರಲೂ ಇಲ್ಲ, ಹೋಗಲೂ ಇಲ್ಲ. ದಾರ ಕಟ್ಟಿ ಇಳಿಬಿಟ್ಟ ಹಾಗೆ ನಿಂತೇ ಇತ್ತು. ಕಣಜವೋ ಜೇನೋ ಎಂದು ರೈತ ಕೈ ಹಿಂದಕ್ಕೆಳೆದುಕೊಂಡ.

“ಹೆದರಬೇಡ, ಇದಕ್ಕೆ ಕೊಂಡಿ ಇಲ್ಲ” ಎಂದ ಪಂಡಿತ. “ಜೇನಿನ ವೇಷ ಹಾಕಿರುವ ನೊಣ ಇದು. ಸಿರ್ಫಿಡೇ.”

“ಏನಂದಿರಿ ಸ್ವಾಮಿ?”

“ಸಿರ್ಫಿಡೇ. ಶಾಸ್ತ್ರದ ಹೆಸರು. ಬಾಯಿಮಾತಿಗೆ ಸಿರ್ಫಿಡ್ ಎಂದರೂ ನಡೆಯುತ್ತದೆ, ನಾವೂ ಹಾಗೇ ಅನ್ನುವುದು. ಗ್ರೀಕರು ಯಾವುದೋ ಪುಟ್ಟ ನೊಣವನ್ನು ಹಾಗೆ ಕರೆಯುತ್ತಿದ್ದರು. ಪಂಡಿತರು ಆ ಮಾತನ್ನು ಎತ್ತಿಕೊಂಡು ಇಡೀ ಮನೆತನಕ್ಕೆ ಇಟ್ಟರು. ತಿಳಿಯಿತೇ, ಇದು ಒಂದು ನೊಣದ ಹೆಸರಲ್ಲ, ಮನೆತನದ ಹೆಸರು. ಲೋಕದ ತುಂಬ ಈ ಮನೆತನದ ಸಾವಿರಾರು ಬಗೆ ಇವೆ. ಇಗೋ, ಇಂಥವು ಬಂದ ಹೊಲದಲ್ಲಿ ಹೇನು ನಿಲ್ಲುವುದಿಲ್ಲ. ವಿಷ ಹೊಡೆದು ಇವನ್ನು ಓಡಿಸಬೇಡ.”

ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ಸಾಲುಸಾಲಾಗಿ ಸೂಜಿಗೆ ಚುಚ್ಚಿದ ನೊಣಗಳು. ರೆಕ್ಕೆಗಳು ಅಭ್ರಕದ ಹಾಗೆ ಹೊಳೆಯುತ್ತಿದ್ದವು. ಕೆಳಗೆ ಚೀಟಿಯಲ್ಲಿ ಹೆಸರು. ಪಂಡಿತ ಹೋದ. ಹೆಸರು ಉಳಿಯಿತು.

ರೈತ ಆ ಹೆಸರನ್ನು ಅರಳಿಕಟ್ಟೆಗೆ ತಂದ. ಜನ ಮೂಗಿನ ಮೇಲೆ ಬೆರಳಿಟ್ಟರು. ಕೇಳಲು ಎಷ್ಟು ಭಾರವಾದ ಹೆಸರು! ಇಷ್ಟು ಭಾರದ ಹೆಸರಿರುವ ನೊಣ ಸುಳ್ಳಾಡೀತೇ? ಪಂಪುಗಳು ಅಟ್ಟ ಸೇರಿದವು. ಹೊಲ ಉಳಿದರೆ ನಿನ್ನಿಂದ, ಹೋದರೆ ನಿನ್ನಿಂದ ಎಂದು ಊರು ರೈತನ ಹೆಗಲಿಗೆ ಹೊರಿಸಿತು. ಅವನು ಹೊತ್ತ. ಶಾಸ್ತ್ರದ ಹೆಸರು ಬಲ್ಲವನೆಂದು ಕಟ್ಟೆಯ ಮೇಲೆ ಅವನಿಗೆ ಒರಗುವ ಜಾಗ ಸಿಕ್ಕಿತು.

ಹೆಸರೂ ಊರಲ್ಲಿ ಸುಮ್ಮನಿರಲಿಲ್ಲ. ಮದುವೆಮನೆಯ ಅಡುಗೆ ಕೋಣೆಯ ಬಾಗಿಲಲ್ಲಿ ಕೂರದೆ ಹೋಗದೆ ಸುಳಿಯುವವನನ್ನು ‘ಬಂತು ನೋಡು ಸಿರ್ಫಿಡ್’ ಎಂದರು. ಕಣ್ಣು ದೊಡ್ಡದಿರುವ ಕೂಸನ್ನು ಅಜ್ಜಿಯರು ‘ನನ್ನ ಸಿರ್ಫಿಡ್ಡೇ’ ಎಂದು ಮುದ್ದಾಡಿದರು. ಸೀರೆ ಅಂಗಡಿಯವನು ಹಳದಿ ಕಪ್ಪು ಪಟ್ಟೆಯ ಸೀರೆಗೆ ಆ ಹೆಸರಿಟ್ಟು ಮಾರಿದ.

ಪರ್ವತಯ್ಯ ನಕ್ಕುಬಿಟ್ಟ. “ಸೀರೆ ನೀವು ಸೇರಿಸಿದ್ದು ಬುದ್ಧಿ.”

“ಸೀರೆಯನ್ನು ನಾನು ಮುಟ್ಟಿ ನೋಡಿದ್ದೇನೆ” ಎಂದರು ಗುರುಗಳು. “ನಗುವುದಿದ್ದರೆ ಈಗಲೇ ನಕ್ಕು ಮುಗಿಸು. ಮುಂದೆ ಕೊಲೆಯಿದೆ.”

ಪರ್ವತಯ್ಯನ ನಗು ಅರ್ಧಕ್ಕೆ ನಿಂತಿತು.

ರೈತ ನೊಣಗಳಿಗೆ ಸೇವೆ ಶುರುಮಾಡಿದ. ಅವಕ್ಕೆ ಹೂವು ಬೇಕೆಂದು ಬದುವಿಗೆಲ್ಲ ಕೊತ್ತಂಬರಿ, ಸಾಸಿವೆ ಚೆಲ್ಲಿದ. ಬೆಳಿಗ್ಗೆ ಎದ್ದು ಅವುಗಳಿಗೆ ಕೈಮುಗಿದ. ಒಂದು ದಿನ ನೋಡುತ್ತಾನೆ, ನೊಣವೊಂದು ಹೇನು ಮೆತ್ತಿದ ಕುಡಿಗೆ ಬಾಲ ತಾಗಿಸಿ ಬೆಳ್ಳಗಿನ ಕಾಳೊಂದನ್ನು ಅಂಟಿಸಿ ಹೋಯಿತು. ಅಕ್ಕಿನುಚ್ಚಿನಷ್ಟು ಸಣ್ಣದು. ಮೊಟ್ಟೆ! ರೈತನ ಕಣ್ಣು ತುಂಬಿಬಂತು. ತನ್ನ ಹೊಲದಲ್ಲಿ ದೇವರೇ ಹೆತ್ತ ಹಾಗಾಯಿತು ಅವನಿಗೆ. ಮೊಟ್ಟೆ ಕಂಡ ಕುಡಿಗೆಲ್ಲ ಹೆಂಡತಿ ಕೆಂಪು ದಾರ ಕಟ್ಟಿದಳು. ಅತ್ತ ಯಾರೂ ಸುಳಿಯಬಾರದು, ಕೆಮ್ಮಬಾರದು. ಬಾಣಂತಿಯ ಕೋಣೆಗೆ ಇರುವ ಕಟ್ಟುಪಾಡೆಲ್ಲ ಅವರೆ ಹೊಲಕ್ಕೂ ಬಂತು.

ಎರಡು ಮೂರು ದಿನ ಕಳೆದು ಹೋಗಿ ನೋಡಿದರೆ, ಮೊಟ್ಟೆ ಇಲ್ಲ.

ಮೊಟ್ಟೆ ಇದ್ದ ಜಾಗದಲ್ಲಿ ಒಂದು ಹುಳ. ಹಸಿರೋ ಬೂದಿಯೋ ತಿಳಿಯದ ಬಣ್ಣ. ಕಾಲಿಲ್ಲ, ಕಣ್ಣಿಲ್ಲ. ಜಿಗಣೆಯ ಮರಿಯ ಹಾಗೆ ಒದ್ದೆಯಾಗಿ, ಮೂತಿಯನ್ನು ಅತ್ತ ಇತ್ತ ಹೊರಳಿಸುತ್ತಿತ್ತು. ಕೆಂಪು ದಾರ ಕಟ್ಟಿದ್ದ ಇನ್ನೊಂದು ಕುಡಿಗೆ ಓಡಿದ. ಅಲ್ಲೂ ಮೊಟ್ಟೆ ಇಲ್ಲ, ಹುಳ. ಮತ್ತೊಂದು ಕುಡಿ, ಅಲ್ಲೂ ಅದೇ. ತಾನು ಕಾವಲು ನಿಂತಿದ್ದ ತೊಟ್ಟಿಲಿಗೇ ಕಳ್ಳ ನುಗ್ಗಿದ್ದಾನೆ. ನುಗ್ಗಿದ್ದಷ್ಟೇ ಅಲ್ಲ, ತಿಂದು ಮುಗಿಸಿ ಅಲ್ಲೇ ಬಾಯಿ ಒರೆಸಿಕೊಳ್ಳುತ್ತಿದ್ದಾನೆ!

ಕಟ್ಟೆಯ ಮೇಲೆ ನ್ಯಾಯ ಸೇರಿತು. “ಮೊಟ್ಟೆ ಇದ್ದಲ್ಲಿ ಮೊಟ್ಟೆ ಇಲ್ಲ, ಹುಳ ಇದೆ. ಇನ್ನೂ ಸಾಕ್ಷಿ ಬೇಕೇ?” ಎಂದ ರೈತ. “ಬೇಡ” ಎಂದಿತು ಊರು. ಮಾರನೆಯ ದಿನ ಊರಿಗೆ ಊರೇ ಹೊಲಕ್ಕಿಳಿಯಿತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಡ್ಡಿ, ಒಂದೊಂದು ಮಡಕೆ ಸುಣ್ಣದ ನೀರು. ಕಡ್ಡಿಯಿಂದ ಹುಳವನ್ನು ಎತ್ತುವುದು, ಮಡಕೆಗೆ ಹಾಕುವುದು. ಹಾಕುವಾಗ ಒಂದು ಜಯಕಾರ. ಯಾರಿಗೆ? ಸಿರ್ಫಿಡ್ಡಿಗೆ.

“ಸರಿಯಾಗಿಯೇ ಮಾಡಿದರು!” ಪರ್ವತಯ್ಯ ತೊಡೆ ತಟ್ಟಿದ. “ತಿಂದ ಮನೆಯಲ್ಲೇ ಕೂತು ಗರ್ವ ತೋರಿಸುವವನಿಗೆ ಇನ್ನೇನು ಆರತಿ ಎತ್ತಬೇಕೇ?”

“ನೀನೂ ಕಡ್ಡಿ ಹಿಡಿಯುತ್ತಿದ್ದೆಯಾ?”

“ಎಲ್ಲರಿಗಿಂತ ಮುಂದೆ ಹೋಗಿ ಹಿಡಿಯುತ್ತಿದ್ದೆ ಬುದ್ಧಿ. ಇಂಥದ್ದನ್ನು ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ.”

ಗುರುಗಳು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ಆಡಿಸಿ, ಮುಂದೆ ಹೇಳಿದರು.

ಹುಳ ಆರಿಸಿದಷ್ಟೂ ಹೇನು ಹೆಚ್ಚಿತು. ಇದೇನು ಸೋಜಿಗ ಎಂದರು. ಹುಳಗಳು ಎಲ್ಲೋ ಅಡಗಿವೆ, ಅದಕ್ಕೇ ನಮ್ಮ ನೊಣಗಳಿಗೆ ಬಲ ಸಾಲುತ್ತಿಲ್ಲ ಎಂದ ರೈತ. ಎಲೆ ಎಲೆ ಮಗುಚಿ ನೋಡಿದರು. ಎಲೆಯಡಿಯಲ್ಲಿ ನೀರಹನಿಯ ಆಕಾರದ ಪುಟ್ಟ ಗೂಡುಗಳು ಅಂಟಿಕೊಂಡಿದ್ದವು. ಕಳ್ಳರ ಬಿಡಾರ ಸಿಕ್ಕಿತು ಎಂದು ಅವನ್ನೂ ಉಗುರಿನಿಂದ ಕೆರೆದು ಹಾಕಿದರು. ರೈತನಿಗೆ ಊಟ ಸೇರದು, ನಿದ್ದೆ ಹತ್ತದು. ಮಡಕೆ ಮೇಲೆ ಮಡಕೆ ತುಂಬಿತು.

ಕೊನೆಗೆ ಒಂದು ಬೆಳಿಗ್ಗೆ ಅವನು ಬದುವಿನ ಮೇಲೆ ಬಂದು ನಿಂತ. ಕೊತ್ತಂಬರಿ ಹೂಬಿಟ್ಟಿತ್ತು. ಸಾಸಿವೆ ಹೂಬಿಟ್ಟಿತ್ತು. ಗಾಳಿಯಲ್ಲಿ ಯಾರೂ ನಿಂತಿರಲಿಲ್ಲ.

ರೈತ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಇಡೀ ಹೊಲದಲ್ಲಿ ಒಂದೇ ಒಂದು ನೊಣ ಇರಲಿಲ್ಲ. ಅವರೆಯ ಕುಡಿಗಳು ಮಾತ್ರ ಹೇನು ಮೆತ್ತಿ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿದ್ದವು.

ಅಟ್ಟದಿಂದ ಪಂಪುಗಳು ಇಳಿದವು. “ನಿನ್ನ ಶಾಸ್ತ್ರವೂ ಆಯಿತು, ನಿನ್ನ ಹೆಸರೂ ಆಯಿತು” ಎಂದರು ನೆರೆಯವರು. “ಇನ್ನು ನಾವುಂಟು, ವಿಷವುಂಟು.” ರೈತ ಅವರ ಮುಂದೆ ಅಡ್ಡಬಿದ್ದ. ಇವತ್ತೊಂದು ದಿನ ತಡೆಯಿರಿ, ಪಂಡಿತನನ್ನು ಕರೆತರುತ್ತೇನೆ, ಅವನೂ ಕೈಚೆಲ್ಲಿದರೆ ನಾನೇ ಮೊದಲ ಪಂಪು ಹೊಡೆಯುತ್ತೇನೆ ಎಂದ. ಓಡಿದ. ಪಂಡಿತ ಬಂದ. ಬಿಸಿಲಿಗೆ ಹ್ಯಾಟನ್ನು ಹಣೆಗಿಳಿಸಿಕೊಂಡು...

“ಆಗಲೇ ಛತ್ರಿ ಅಂದಿರಿ” ಎಂದ ಪರ್ವತಯ್ಯ.

“ಛತ್ರಿ ರಿಪೇರಿಗೆ ಹೋಗಿತ್ತು. ಕೊಲೆಯ ಕತೆ ಹೇಳುವಾಗ ಛತ್ರಿ ಕೇಳುತ್ತಾನೆ ನೋಡು!”

ಪಂಡಿತ ಒಂದು ಕುಡಿ ನೋಡಿದ. ಇನ್ನೊಂದು ಕುಡಿ ನೋಡಿದ. ಎಲೆ ಮಗುಚಿದ. ಕೆಂಪು ದಾರವನ್ನು ಬೆರಳಿಂದ ಮುಟ್ಟಿದ.

“ಮರಿಗಳೆಲ್ಲಿ?” ಎಂದ.

“ಯಾವ ಮರಿ ಸ್ವಾಮಿ? ಮೊಟ್ಟೆಯಲ್ಲೇ ತಿಂದು ಹಾಕಿತಲ್ಲ ಪಾಪಿ ಹುಳ. ಆದರೆ ನಾವೂ ಬಿಡಲಿಲ್ಲ. ಹಿರಿಯರು ಮಕ್ಕಳು ಎನ್ನದೆ ನಿಂತು ಆರಿಸಿದ್ದೇವೆ. ನೋಡಿ ಬೇಕಾದರೆ.” ರೈತ ಮಡಕೆಯೊಂದನ್ನು ಎತ್ತಿ ತಂದು ಪಂಡಿತನ ಕಾಲಬುಡದಲ್ಲಿಟ್ಟ. ಅವನ ಮುಖದಲ್ಲಿ ದುಃಖವಿತ್ತು. ದುಃಖದ ಅಡಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

ಪಂಡಿತ ಬಗ್ಗಿ ನೋಡಿದ. ಬಗ್ಗಿದವನು ಹಾಗೇ ಬದುವಿನ ಮೇಲೆ ಕುಸಿದು ಕೂತ. ಹ್ಯಾಟು ಉರುಳಿ ಹೋಯಿತು, ಎತ್ತಿಕೊಳ್ಳಲಿಲ್ಲ. ಆಮೇಲೆ ಕೇಳಿದ, “ನಿನ್ನ ಮನೆತನಕ್ಕೆ ಏನನ್ನುತ್ತಾರಪ್ಪಾ?”

“ಹಗೇವಿನವರು ಅಂತಾರೆ ಸ್ವಾಮಿ. ಹಿಂದೆ ನಮ್ಮ ಮನೆ ಮುಂದೆ ನೆಲದೊಳಗೆ ರಾಗಿ ತುಂಬಿಡೋ ದೊಡ್ಡ ಹಗೇವು ಇತ್ತು.”

“ನಿನಗೆ ಆ ಹೆಸರು ಯಾವಾಗ ಬಂತು? ಮೀಸೆ ಮೂಡಿದ ಮೇಲೋ?”

ಇಂಥ ಹೊತ್ತಿನಲ್ಲೂ ರೈತನಿಗೆ ನಗು ಬಂತು. “ಮೀಸೆ ಯಾಕೆ ಬೇಕು ಸ್ವಾಮಿ? ಹೊಕ್ಕಳಬಳ್ಳಿ ಕತ್ತರಿಸೋದಕ್ಕೂ ಮುಂಚೆಯೇ ‘ಹಗೇವಿನವರ ಮನೆಗೆ ಕೂಸು ಬಂತು’ ಅಂತ ಸೂಲಗಿತ್ತಿ ಬೀದಿಗೆಲ್ಲ ಕೂಗಿದಳಂತೆ. ಹುಟ್ಟಿದಾಗ ನಾನೇನು ಚೆಂದ ಇರಲಿಲ್ಲ. ಇಲಿಮರಿ ಹಾಗೆ ಕೆಂಪಗೆ, ಕೂದಲಿಲ್ಲ, ಕಣ್ಣು ತೆರೆದಿಲ್ಲ, ಮೈಯೆಲ್ಲ ಒದ್ದೆ, ನೋಡಿದವರು ಮುಖ ಕಿವಿಚಿಕೊಂಡರಂತೆ. ಆದರೂ...”

ಮಾತು ಅಲ್ಲಿಗೆ ನಿಂತಿತು.

ರೈತನ ಕಣ್ಣು ನಿಧಾನವಾಗಿ ಮಡಕೆಯ ಕಡೆ ಇಳಿಯಿತು. ಬಾಯಿ ತೆರೆದೇ ಇತ್ತು.

ಪರ್ವತಯ್ಯನ ಬಾಯಿಯೂ ತೆರೆದಿತ್ತು.

“ಅವೂ ಸಿರ್ಫಿಡೇ” ಎಂದ ಪಂಡಿತ. “ಮೊಟ್ಟೆಯನ್ನು ಯಾರೂ ತಿನ್ನಲಿಲ್ಲ. ಮೊಟ್ಟೆ ಒಡೆದು ಬಂದದ್ದೇ ಈ ಹುಳ. ಹೇನು ತಿನ್ನುವುದೂ ಇದೇ. ರೆಕ್ಕೆ ಬಂದದ್ದು ಹೂವಿನ ಮೇಲೆ ನಿಂತು ರಸ ಕುಡಿದುಕೊಂಡಿರುತ್ತದೆ. ನಿನ್ನ ಹೊಲ ಕಾಯುತ್ತಿದ್ದದ್ದು ಈ ಮಡಕೆಯಲ್ಲಿರುವುದು.”

ರೈತ ಎದೆ ಬಡಿದುಕೊಂಡ. “ನಿಮ್ಮ ಪೆಟ್ಟಿಗೆಯಲ್ಲಿ ರೆಕ್ಕೆಯದನ್ನು ಮಾತ್ರ ತೋರಿಸಿದಿರಲ್ಲ ಸ್ವಾಮಿ! ಹೆಸರಿನ ಚೀಟಿ ಅದರ ಕೆಳಗೆ ಮಾತ್ರ ಇತ್ತಲ್ಲ! ಇದನ್ನು ಯಾಕೆ ಇಟ್ಟಿರಲಿಲ್ಲ?”

“ಇದನ್ನು ಸೂಜಿಗೆ ಚುಚ್ಚಿದರೆ ಕಪ್ಪಾಗಿ ಸುರುಟಿಕೊಳ್ಳುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಅದಕ್ಕೇ...” ಎಂದ ಪಂಡಿತ. ಹೇಳುತ್ತಾ ಹೇಳುತ್ತಾ ಅವನ ದನಿ ಅವನ ಕಿವಿಗೇ ಬಿತ್ತು.

ಆಚೆ ಬದುವಿನಲ್ಲಿ ಊರಿನವರು ಸಾಲಾಗಿ ನಿಂತಿದ್ದರು. ಬೆನ್ನ ಮೇಲೆ ಪಂಪು, ಒಳಗೆ ಕಲಸಿದ ವಿಷ. ಆಗ ಅವರಲ್ಲೊಬ್ಬ ಕೂಗಿದ. “ಇಲ್ಲೊಂದು ಹುಳ ಉಳಿದುಬಿಟ್ಟಿದೆಯಪ್ಪೋ! ಸಿಕ್ಕಿದ ಕಳ್ಳ!” ಹುಳವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎತ್ತಿ ತೋರಿಸಿದ. “ಏನು ಮಾಡಲಿ ಹೇಳು!”

ಇಲ್ಲಿಗೆ ಬಂದು ಗುರುಗಳು ನಿಲ್ಲಿಸಿದರು. ಪಕ್ಕದಲ್ಲಿದ್ದ ಚೊಂಬಿನಿಂದ ನೀರು ಕುಡಿದರು. ಬಾಯಿ ಒರೆಸಿಕೊಂಡರು. ಚೊಂಬನ್ನು ಅದು ಮೊದಲಿದ್ದ ಜಾಗದಲ್ಲೇ ಇಟ್ಟರು.

ಪರ್ವತಯ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ? ಬುದ್ಧಿ, ಆಮೇಲೆ? ರೈತ ಏನಂದ?”

“ಗೊತ್ತಿಲ್ಲ.”

“ಗೊತ್ತಿಲ್ಲವೇ? ನಿಮಗೆ? ಸೀರೆ ಗೊತ್ತು, ಹ್ಯಾಟು ಗೊತ್ತು, ಇದು ಗೊತ್ತಿಲ್ಲವೇ?”

“ಅವನಿನ್ನೂ ಏನೂ ಅಂದಿಲ್ಲ” ಎಂದರು ಗುರುಗಳು. “ಹುಳ ಇನ್ನೂ ಎರಡು ಬೆರಳಿನ ನಡುವೆ ಇದೆ.”

ಆ ಹೊತ್ತಿಗೆ ದೂರದ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

ಪರ್ವತಯ್ಯ ಗರ ಬಡಿದವನ ಹಾಗೆ ಗುರುಗಳ ಮುಖವನ್ನೇ ನೋಡಿದ. ಆಮೇಲೆ ಮೇಲೆದ್ದ. ಎದ್ದ ರಭಸಕ್ಕೆ ಸೊಂಟದ ಕೀಲಿಕೈ ಗೊಂಚಲು ಕಳಚಿ ಬಿತ್ತು, ತಿರುಗಿ ನೋಡಲಿಲ್ಲ. ಅಂಗಳ ದಾಟಿದ, ಜಗಲಿ ನೋಡಿದ. ಜಗಲಿ ಖಾಲಿ. ಗಂಟೂ ಇಲ್ಲ, ಮನುಷ್ಯನೂ ಇಲ್ಲ. ಹೆಬ್ಬಾಗಿಲು ದಾಟಿ ರಸ್ತೆಗೆ ಓಡಿದ. ವಯಸ್ಸಿಗೆ ತಕ್ಕ ಓಟವಲ್ಲ. ಪಂಚೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ.

ಕರಿಬಸಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಕಂಡಕ್ಟರ್ ಗಂಟನ್ನು ಒಳಗೆ ಎಳೆದುಕೊಳ್ಳುತ್ತಿದ್ದ.

“ಇಳಿಯೋ! ಇಳಿಯೋ ಕೆಳಗೆ!” ಎಂದು ಪರ್ವತಯ್ಯ ಚೀರಿದ.

“ಯಾಕಯ್ಯಾ? ನಾನೇನೂ ಕದ್ದಿಲ್ಲ. ಚೊಂಬು ಅಲ್ಲೇ ಇದೆ, ಎಣಿಸಿಕೋ ಹೋಗು. ನೀನು ಬೆಳಗಿನಿಂದ ನನ್ನ ಮುಖ ನೋಡೋ ರೀತಿ ನೋಡಿಯೇ ಗೊತ್ತಾಯ್ತು, ಈ ಕೈ ಗೆಲ್ಲೋದಲ್ಲ ಅಂತ. ಅಲ್ಲಿ ಮರದಡಿ ನನ್ನ ಜಾಗ ಇನ್ನೂ ಬೆಚ್ಚಗಿದೆ. ಹೋಗ್ತೀನಿ ಬಿಡು.”

“ಇಳಿಯಪ್ಪಾ” ಎಂದ ಪರ್ವತಯ್ಯ. ಈ ಸಲ ದನಿ ಬೇರೆಯಾಗಿತ್ತು. “ರಾತ್ರಿಗೆ ಹಿದಕಿದಬೇಳೆ ಸಾರು ಮಾಡಿಸ್ತೀನಿ. ಇಳಿ.”

ಕರಿಬಸಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಬೆವರು, ಬಿಚ್ಚಿದ ಪಂಚೆ, ನಡುಗುವ ಗಲ್ಲ. ಇಸ್ಪೀಟಿನ ಕಟ್ಟೆಯಲ್ಲಿ ಎಷ್ಟೋ ಮುಖ ಓದಿದವನು. ಇದು ಸುಳ್ಳಾಟದ ಮುಖವಲ್ಲ ಎಂದು ತಿಳಿಯಿತು. ಕಂಡಕ್ಟರನ ಕೈಯಿಂದ ಗಂಟು ಕಿತ್ತುಕೊಂಡ. ಬಸ್ಸು ಧೂಳೆಬ್ಬಿಸಿ ಹೋಯಿತು. ನಾಲ್ಕು ಹೆಜ್ಜೆ ನಡೆದ ಮೇಲೆ ಕರಿಬಸಪ್ಪ ನಿಂತ. ಮೈಲಿಗಲ್ಲಿನ ಮೇಲೆ ಕೂತು, ಗಂಟಿಗೆ ಮುಖವಿಟ್ಟು, ದೊಡ್ಡ ಗಂಡಸು ಮಗುವಿನ ಹಾಗೆ ಅತ್ತ. ಪರ್ವತಯ್ಯನಿಗೆ ಅವನನ್ನು ಸಮಾಧಾನ ಮಾಡಲು ಬರಲಿಲ್ಲ. ಪಕ್ಕದಲ್ಲಿ ನಿಂತು ಪಂಚೆ ಕಟ್ಟಿಕೊಂಡ.

ಅವನನ್ನು ಕರೆತಂದು ದಾಸೋಹದ ಮನೆಯಲ್ಲಿ ಕೂರಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಪರ್ವತಯ್ಯ ಗುರುಗಳ ಹತ್ತಿರ ವಾಪಸು ಬಂದ. ಏದುಸಿರು ಇನ್ನೂ ಇಳಿದಿರಲಿಲ್ಲ. ಆದರೆ ಮುಖದಲ್ಲಿ ಬೆಳಕಿತ್ತು. ಒಂದು ದೊಡ್ಡ ಕೊಲೆಯನ್ನು ತಪ್ಪಿಸಿ ಬಂದವನ ಬೆಳಕು. ನಡೆಯುತ್ತಾ ನಡೆಯುತ್ತಾ ಅದು ಹೆಮ್ಮೆಯಿಂದ ಸ್ವಲ್ಪ ಉಬ್ಬಿಯೂ ಇತ್ತು.

“ಇಳಿಸಿಕೊಂಡು ಬಂದೆ ಬುದ್ಧಿ. ಇರಲಿ, ಉಣ್ಣಲಿ, ಬೇಕಾದರೆ ಭಜನೆಯಲ್ಲಿ ಗೊರಕೆಯನ್ನೂ ಹೊಡೆಯಲಿ. ನನ್ನ ಕೈಯಲ್ಲಿದ್ದದ್ದನ್ನು ನಾನು ಬಿಟ್ಟೆ. ಆದರೆ ಒಂದು ಮಾತು. ಶರಣ ಅಂತ ಈಗಲೇ ಕರೆಯುವುದು ಬೇಡ. ರೆಕ್ಕೆ ಬರಲಿ, ನಾಲ್ಕು ಜನರ ಕಣ್ಣಿಗೆ ಕಾಣಲಿ. ಆಮೇಲೆ ಕರೆದರಾಯಿತು. ಅಲ್ಲವೇ?”

ಗುರುಗಳು ಎದ್ದು ನಿಂತರು. ನೆಲದ ಮೇಲೆ ಬಿದ್ದಿದ್ದ ಕೀಲಿಕೈ ಗೊಂಚಲನ್ನು ತಾವೇ ಬಗ್ಗಿ ಎತ್ತಿಕೊಂಡು, ಅದಕ್ಕೆ ಮೆತ್ತಿದ್ದ ಧೂಳನ್ನು ಊದಿ, ಎರಡೂ ಕೈಯಲ್ಲಿ ಪರ್ವತಯ್ಯನಿಗೆ ಕೊಟ್ಟರು. ಅಂದದ್ದು ಇಷ್ಟೇ, ಅದೂ ಬಹಳ ಮೆಲ್ಲಗೆ:

“ಹಾಗಾದರೆ ಶರಣರೇ, ಇಷ್ಟು ವರ್ಷ ನಾನು ನಿಮ್ಮನ್ನು ಏನೆಂದು ಕರೆಯಬೇಕಾಗಿತ್ತು?”